ಹನ್ನೊಂದಕ್ಕೆ ಒಂದು ಕಡಿಮೆ

ಕಳೆದ ತಿಂಗಳು ಆಸ್ಪತ್ರೆಯ ಲೆಕ್ಚರ್ ಹಾಲಿನಲ್ಲಿ ಮೂಳೆ ವಿಭಾಗದ ಹಳೆಯ ಹೆಡ್, ನಮ್ಮ ಸರ್ ಅವರ ಶೋಕಸಭೆ ಆಯಿತು. ಮೇಜಿನ ಮೇಲೆ ಫೋಟೋ, ಫೋಟೋಕ್ಕೆ ದಾದರ್ ಹೂಮಾರ್ಕೆಟ್ಟಿನ ಗೊಂಡೆ ಹೂವಿನ ಮಾಲೆ. ಮಾತಾಡಿದವರೆಲ್ಲ ಅವರ ಕೈಕೆಳಗೆ ಕಲಿತು ದೊಡ್ಡವರಾದ ಮೂಳೆ ಡಾಕ್ಟರುಗಳು. ಒಬ್ಬರು ‘ಬೆಣ್ಣೆಯಂಥ ಮನಸ್ಸು’ ಎಂದರು. ಇನ್ನೊಬ್ಬರು ‘ನಮಗೆಲ್ಲ ತಾಯಿಯ ಹಾಗಿದ್ದರು’ ಎಂದು ಕಣ್ಣೊರೆಸಿಕೊಂಡರು. ನಾನು ಕೊನೆಯ ಸಾಲಿನಲ್ಲಿ ಕುರ್ಚಿಯ ಹಿಡಿ ಬಿಗಿಹಿಡಿದು ಕೂತಿದ್ದೆ. ಬೆಣ್ಣೆಯಂತೆ! ಆ ಮನುಷ್ಯನನ್ನು ಕೂದಲೆಳೆಯಷ್ಟು ಬಗ್ಗಿಸಲು ನಾನು ಹದಿನೆಂಟು ವರ್ಷ ಹೆಣಗಿದ್ದೇನೆ. ಸ್ಟೀಲ್ ಪ್ಲೇಟು ಬಗ್ಗುತ್ತದೆ, ಅದನ್ನು ಬಗ್ಗಿಸುವ ಇಕ್ಕಳ ನನ್ನ ಪೆಟ್ಟಿಗೆಯಲ್ಲೇ ಇದೆ. ಅವರನ್ನು ಬಗ್ಗಿಸುವಂಥದ್ದು ನನ್ನಲ್ಲಿ ಯಾವುದೂ ಇರಲಿಲ್ಲ.

ನಾನು ಡಾಕ್ಟರಲ್ಲ. ಮುರಿದ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ, ರಾಡು ಸಪ್ಲೈ ಮಾಡುವವನು. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ನಮ್ಮವರೆಲ್ಲ ಹೋಟೆಲ್ ಹಿಡಿದರೆ, ನಾನು ಗೋರೆಗಾಂವ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಹಿಡಿದೆ. ಮೂಳೆಗೆ ಹಾಕುವ ಸ್ಕ್ರೂಗಳನ್ನು ಹನ್ನೆರಡು ವರ್ಷ ತಿರುಗಿಸಿದ ಮೇಲೆ, ಮಾಡುವವನಿಗಿಂತ ಮಾರುವವನೇ ಜಾಣ ಎಂದು ತಿಳಿದು ನನ್ನದೇ ವ್ಯಾಪಾರ ಶುರು ಮಾಡಿದೆ. ಯಾರ ಹಂಗೂ ಇಲ್ಲ. ಕಣ್ಣು ಮುಚ್ಚಿ ಬೆರಳಲ್ಲಿ ಹಿಡಿದರೆ ಸಾಕು, ಸ್ಕ್ರೂ ಯಾವ ಸೈಜು ಎಂದು ಇವತ್ತಿಗೂ ಹೇಳುತ್ತೇನೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆಪರೇಷನ್ ದಿನ ಸಾಮಾನಿನ ಪೆಟ್ಟಿಗೆ ಕಳಿಸಿ ನಾವು ಅಂಗಡಿಯಲ್ಲಿ ಕೂರುವ ಹಾಗಿಲ್ಲ. ಆಪರೇಷನ್ ಥಿಯೇಟರಿನ, ನಮ್ಮ ಮಾತಲ್ಲಿ ಓಟಿಯ, ಬಟ್ಟೆ ತೊಟ್ಟು, ಮಾಸ್ಕ್ ಕಟ್ಟಿ, ಟೇಬಲ್ಲಿನಿಂದ ಎರಡು ಮಾರು ದೂರ ನಿಂತು, ಯಾವ ಟ್ರೇಯಲ್ಲಿ ಯಾವ ಸಾಮಾನು ಎಂದು ಸಿಸ್ಟರಿಗೆ ತೋರಿಸಬೇಕು. ದಿನಕ್ಕೆರಡು ಆಪರೇಷನ್ ನೋಡಿ ನೋಡಿ ಮುಂದೇನು, ಅದರ ಮುಂದೇನು ಎಲ್ಲ ಬಾಯಿಪಾಠ ಆಗಿಬಿಡುತ್ತದೆ. ಸರ್ಜರಿ ಕಲಿಯಲು ಮೂರು ವರ್ಷ ಆಸ್ಪತ್ರೆಯಲ್ಲೇ ಬಿದ್ದಿರುವ ರೆಸಿಡೆಂಟ್ ಹುಡುಗರು ನಡುವೆ ತಡವರಿಸಿದರೆ ತಿರುಗುವುದು ನಮ್ಮ ಕಡೆಗೆ. ‘ಅಂಕಲ್, ಅಬ್ ಕೌನ್‌ಸಾ?’ ಈಗ ಯಾವುದು ಹಾಕಲಿ ಎಂದು ಕೇಳಿದರೆ ನಾವು ಹೇಳುತ್ತೇವೆ. ಅವರು ಹಾಕುತ್ತಾರೆ. ಮುಂಬಯಿಯಲ್ಲಿ ಎಷ್ಟು ಮಂದಿ ನನ್ನ ಬಾಯಿಮಾತಿನ ರಾಡಿನ ಮೇಲೆ ನಡೆದಾಡುತ್ತಿದ್ದಾರೋ ದೇವರಿಗೇ ಗೊತ್ತು. ಆದ್ದರಿಂದ ಒಂದು ಬುದ್ಧಿಮಾತು: ನಿಮ್ಮವರ ಕಾಲು ಮುರಿದರೆ ರಾಡು ಯಾವ ಕಂಪನಿಯದು ಎಂದು ಕೇಳಬೇಡಿ. ಹಾಕುವವರು ಯಾರು, ಪಕ್ಕದಲ್ಲಿ ನಿಂತು ನೋಡುವವರು ಯಾರು ಎಂದು ಕೇಳಿ.

ಸರ್ ಅವರನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯಲ್ಲಿ ಅಲ್ಲ, ವಡಾಲದ ಒಂದು ಮಟನ್ ಅಂಗಡಿಯಲ್ಲಿ. ಕೊರಳಲ್ಲಿ ಲಿಂಗದ ದಾರ, ಹಣೆಯಲ್ಲಿ ವಿಭೂತಿ. ಕಟುಕನೆದುರು ನಿಂತು ಮೇಕೆಯ ತೊಡೆಮೂಳೆಗಳನ್ನು ಒಂದೊಂದಾಗಿ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಡೊಂಕು ನೋಡಿ ಬುಟ್ಟಿಗೆ ಹಾಕುತ್ತಿದ್ದರು. ಕಟುಕ ಅವರನ್ನು ದೊಡ್ಡ ಸೂಪ್ ಪ್ರಿಯರೆಂದು ತಿಳಿದು, ‘ಸಾಬ್, ಥೋಡಾ ಗೋಶ್ತ್ ರಹನೇ ದೂಂ? ಟೇಸ್ಟ್ ಆಯೇಗಾ’ ಎನ್ನುತ್ತಿದ್ದ. ಮಾಂಸ ಬಿಡಬೇಡ, ಪೂರಾ ಕೆರೆದು ಕೊಡು ಎಂದು ಇವರು ಗೋಗರೆಯುತ್ತಿದ್ದರು. ಬರೀ ಮೂಳೆಗೆ ಆತ ಹೇಳಿದ ದರ ಕೇಳಿ ನನಗೆ ತಡೆಯಲಾಗಲಿಲ್ಲ. ನಡುವೆ ನುಗ್ಗಿ, ನಾಯಿಗೆ ಹಾಕುವ ಸಾಮಾನಿಗೆ ಇಷ್ಟಾ ಎಂದು ಜಗಳಾಡಿ ಅರ್ಧಕ್ಕೆ ಇಳಿಸಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

‘ಕನ್ನಡದವರೇನ್ರಿ? ಪ್ರತಿ ಬುಧವಾರ ಬರ್ತೀನಿ. ನೀವೂ ಬರ್ರಿ. ನನಗ ಈ ಕೊಸರಾಟ ಬರಂಗಿಲ್ಲ.’

ಬಾಗಲಕೋಟೆ ಕಡೆಯವರು. ಮೊಟ್ಟೆ ಸಹ ಮುಟ್ಟದ ಮನುಷ್ಯ, ನಿವೃತ್ತಿಯ ತನಕ ಬುಧವಾರ ತಪ್ಪದೆ ಆ ಅಂಗಡಿಗೆ ಹೋದರು.

ಮೂಳೆಗಳು ಹೋಗುತ್ತಿದ್ದದ್ದು ಆಸ್ಪತ್ರೆಯಲ್ಲಿ ಅವರ ಕೋಣೆಯ ಹಿಂದಿನ ಒಂದು ಹಳೆಯ ಉಗ್ರಾಣಕ್ಕೆ. ಅಲ್ಲಿ ಬಡಗಿಯ ಮೇಜು, ಮೇಜಿಗೆ ಬಿಗಿದ ಮೂಳೆ, ಮೂಳೆಯ ಹಿಂದೆ ಅಂಟಿಸಿ ಇಟ್ಟ ಒಂದು ಹಣ್ಣು ಟೊಮೇಟೊ. ಹೊಸ ರೆಸಿಡೆಂಟ್ ಡ್ರಿಲ್ ಹಿಡಿದು ಮೂಳೆಯ ಎರಡೂ ಗೋಡೆ ತೂತು ಮಾಡಬೇಕು, ಟೊಮೇಟೊಗೆ ಮೊನೆ ತಾಗಬಾರದು. ಎರಡನೆಯ ಗೋಡೆ ದಾಟಿದ ಕ್ಷಣಕ್ಕೇ ಕೈ ನಿಲ್ಲಬೇಕು. ಮನುಷ್ಯನ ಕಾಲಿನಲ್ಲಿ ಆ ಟೊಮೇಟೊ ಇದ್ದಲ್ಲಿ ರಕ್ತನಾಳ ಇರುತ್ತದೆ. ಸತತ ನೂರು ಮೂಳೆ ಟೊಮೇಟೊ ಉಳಿಸಿ ಕೊರೆದ ಮೇಲೆಯೇ ಓಟಿಯಲ್ಲಿ ಕೈಗೆ ಡ್ರಿಲ್. ತೊಂಬತ್ತೆಂಟಕ್ಕೆ ಚುಚ್ಚಿದರೆ ಮತ್ತೆ ಒಂದರಿಂದ. ಬೇರೆ ಯೂನಿಟ್ಟಿನ ಹುಡುಗರು ಮೊದಲ ತಿಂಗಳಲ್ಲೇ ಪೇಷಂಟಿನ ಮೇಲೆ ಕೈಯಾಡಿಸುವಾಗ ಇವರ ಹುಡುಗರು ರಸ ಮೆತ್ತಿದ ಅಂಗಿಯಲ್ಲಿ ಓಡಾಡುತ್ತಿದ್ದರು. ಅವರನ್ನು ಕ್ಯಾಂಟೀನಿನಲ್ಲಿ ‘ಚಟ್ನಿ ಯೂನಿಟ್’ ಎಂದು ಕರೆಯುತ್ತಿದ್ದರು.

‘ಬುದ್ಧಿ ತಲಿಗೆ ಲಗೂ ಬರ್ತದ, ಕೈಗೆ ತಡಾ ಆಗಿ ಬರ್ತದ,’ ಎನ್ನುತ್ತಿದ್ದರು. ಎಡಗೈಯಲ್ಲಿ ತಮ್ಮದೇ ಕಿವಿ ಜಗ್ಗಿಕೊಂಡು ಹೇಳುವುದು ಅಭ್ಯಾಸ. ಕಿವಿ ಜಗ್ಗಿದರೆಂದರೆ ಮಾತು ಮುಗಿಯಿತು ಎಂದರ್ಥ. ಮುಂದೆ ಏನು ಹೇಳಿದರೂ ಅದು ಗೋಡೆಗೆ.

ಪ್ಲಾಸ್ಟರಿನ ಕಥೆ ಬೇರೆ. ಹೊಸಬರು ಒಬ್ಬರಿಗೊಬ್ಬರು ಭುಜದಿಂದ ಬೆರಳ ತನಕ ಪ್ಲಾಸ್ಟರ್ ಹಾಕಿ, ಅದೇ ಕೈಯಲ್ಲಿ ಎರಡು ದಿನ ಇರಬೇಕು. ಲೋಕಲ್ ರೈಲು ಹತ್ತಬೇಕು, ಊಟ ಮಾಡಬೇಕು, ಸ್ನಾನ ಮಾಡಬೇಕು. ‘ಎಲ್ಲಿ ಒತ್ತತೈತಿ, ಎಲ್ಲಿ ಕಡೀತೈತಿ, ಪೇಷಂಟ್ ಯಾಕ ಅಳ್ತಾನ, ನಿಮಗ ತಿಳೀಬೇಕಲ್ಲ?’ ಒಬ್ಬ ಹುಡುಗನ ತಾಯಿ ದಾದರ್ ಸ್ಟೇಷನ್ನಿನಲ್ಲಿ ಮಗನ ಕೈ ನೋಡಿ ಎದೆ ಬಡಿದುಕೊಂಡಳಂತೆ. ಮರುದಿನ ಆಸ್ಪತ್ರೆಗೇ ಬಂದು, ನನ್ನ ಮಗನ ಗಟ್ಟಿಮುಟ್ಟಾದ ಕೈಗೆ ಇದೇನು ಎಂದು ಮರಾಠಿಯಲ್ಲಿ ಜಾಡಿಸಿದಳು. ಇವರು ಸುಮ್ಮನೆ ಕೇಳಿ, ಹುಡುಗನನ್ನು ಕರೆದು ಪ್ಲಾಸ್ಟರ್ ಪರೀಕ್ಷಿಸಿದರು. ಹೆಬ್ಬೆರಳ ಬುಡದಲ್ಲಿ ಕೆಂಪಾಗಿತ್ತು. ‘ಹಾಕಿದಾಂವ ಯಾರು? ಅವನಿಗೆ ಇನ್ನೊಂದು ದಿನ,’ ಎಂದರು.

ನಾನು ಕೊಟ್ಟ ಸಲಹೆ ಒಂದೇ ಎರಡೇ? ಸಂಜೆ ಎರಡು ತಾಸು ಪ್ರೈವೇಟ್‌ನಲ್ಲಿ ಕೂತುಕೊಳ್ಳಿ ಸರ್ ಎಂದೆ. ಆ ಹೊತ್ತು ಬೋನ್ ಕ್ಲಾಸ್ ಎಂದರು. ಉಗ್ರಾಣಕ್ಕೆ ನನ್ನ ಕಡೆಯಿಂದ ಒಂದು ಒಳ್ಳೆಯ ಡ್ರಿಲ್ ಮೆಷಿನ್ ಇಡುತ್ತೇನೆ, ಹೆಸರು ಸಹ ಹಾಕುವುದಿಲ್ಲ ಎಂದೆ. ಕಿವಿ ಜಗ್ಗಿದರು. ಮೇಕೆ ಬಿಡಿ, ಪ್ಲಾಸ್ಟಿಕ್ ಮೂಳೆ ಬರುತ್ತದೆ, ವಾಸನೆ ಇಲ್ಲ ಎಂದೆ. ‘ಶೆಟ್ಟರ, ಪ್ಲಾಸ್ಟಿಕ್ ಕೊರದ್ರ ಪ್ಲಾಸ್ಟಿಕ್ ಕಲೀತಾರ.’ ನನ್ನಿಂದ ಅವರು ಪಡೆದದ್ದು ಬುಧವಾರದ ಚೌಕಾಸಿ ಒಂದೇ.

ಇನ್ನು ಓಟಿಯಲ್ಲಿ ಅವರ ನಿಯಮ: ಸಪ್ಲೈಯರ್ ಟ್ರೇ ತೋರಿಸಬಹುದು, ಬಾಯಿ ತೆರೆಯಬಾರದು. ಅವರಿದ್ದಾಗ ನಾನು ಮೂಗ. ಆದರೆ ಆ ಆಸ್ಪತ್ರೆಯಲ್ಲಿ ಒಂದು ಓಟಿಯಲ್ಲಿ ಇವರಿದ್ದರೆ ಪಕ್ಕದ ಓಟಿಯಲ್ಲೂ ಕೇಸ್ ನಡೆಯುತ್ತಿರುತ್ತದೆ. ರೈಲಿನಿಂದ ಬಿದ್ದವರು, ಬೈಕಿನವರು, ಕಟ್ಟಡದ ಪರಾಂಚಿಯಿಂದ, ಆ ಬಿದಿರಿನ ಅಟ್ಟಣೆಯಿಂದ, ಉರುಳಿದವರು ಸಾಲುಗಟ್ಟಿರುತ್ತಾರೆ. ಅಲ್ಲಿ ನಿಂತು ನೋಡಿಕೊಳ್ಳಬೇಕಾದ ಅವರ ಕಿರಿಯ ಲೆಕ್ಚರರು ಫೋನಿನಲ್ಲಿರುತ್ತಿದ್ದರು. ಅಲ್ಲಿ ನನಗೆ ಬಾಯಿ ಇತ್ತು.

ರೇಣುಕಾ ಬಂದದ್ದು ಸರ್ ಅವರ ಕೊನೆಯ ಬ್ಯಾಚಿನಲ್ಲಿ. ಯಾದಗಿರಿ ಕಡೆಯ, ಗಾರೆ ಕೆಲಸದ ಗೌಂಡಿಯ ಮಗಳು, ಹುಟ್ಟಿ ಬೆಳೆದದ್ದು ವಡಾಲದ ಚಾಳಿನಲ್ಲಿ. ಮೂಳೆ ಸರ್ಜರಿಗೆ ಹುಡುಗಿಯರು ಬರುವುದೇ ಕಡಿಮೆ. ‘ಹೆರಿಗೆ ವಾರ್ಡಿಗೆ ಹೋಗು, ಇಲ್ಲಿ ಸುತ್ತಿಗೆ ಹೊಡೆಯಬೇಕು’ ಎಂದು ಜೊತೆಯವರು ಹೇಳಿದ್ದಕ್ಕೆ, ‘ಮೇರೇ ಘರ್ ಮೇ ಸಬ್ ಹಥೌಡಾ ಹೀ ಮಾರ್‌ತೇ ಹೈ’ ಎಂದಿದ್ದಳಂತೆ: ನಮ್ಮ ಮನೆಯಲ್ಲಿ ಎಲ್ಲರೂ ಸುತ್ತಿಗೆ ಹೊಡೆಯುವವರೇ. ಮೂರು ತಿಂಗಳಲ್ಲಿ ನೂರು ಮೂಳೆ ಮುಗಿಸಿದಳು. ಅಂಥ ಹುಡುಗಿಗೂ ಓಟಿಯಲ್ಲಿ ಅಂಜಿಕೆ ಇತ್ತು. ಸಣ್ಣ ಅನುಮಾನಕ್ಕೂ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ನನಗೂ ಪಾಪ ಎನಿಸುತ್ತಿತ್ತು. ಹೇಳಿಕೊಡುತ್ತಿದ್ದೆ.

ರೆಸಿಡೆಂಟುಗಳಿಗೆ ಒಂದು ಲಾಗ್‌ಬುಕ್ ಇರುತ್ತದೆ. ಯಾವ ಆಪರೇಷನ್ ನೋಡಿದೆ, ಯಾವುದಕ್ಕೆ ಕೈಜೋಡಿಸಿದೆ, ಯಾವುದು ಸ್ವಂತ ಮಾಡಿದೆ ಎಂದು ಬರೆದು ಗುರುಗಳ ಸಹಿ ಪಡೆಯಬೇಕು. ಸ್ವಂತದ್ದು ಇಂತಿಷ್ಟು ಆಗದಿದ್ದರೆ ಪರೀಕ್ಷೆಯ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ಬೇರೆ ಕಡೆ ಇದು ಒಂದು ಮಧ್ಯಾಹ್ನದ ಕೆಲಸ: ಚಹಾ ಕುಡಿಯುತ್ತ ಪುಟ ತಿರುವಿ ತಿರುವಿ ಸಹಿ. ರೇಣುಕಾಳದ್ದು ಸರಿಯಾಗಿ ಬೇಕಾದಷ್ಟೇ ಇತ್ತು, ಒಂದೂ ಹೆಚ್ಚಿಲ್ಲ. ಅಪ್ಪನಿಗೆ ಮೊಣಕಾಲು ಸವೆದು ಪರಾಂಚಿ ಹತ್ತಲಾಗುತ್ತಿರಲಿಲ್ಲ, ಹತ್ತದೆ ವಿಧಿಯೂ ಇರಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಬಾ ಎಂದು ನವಿ ಮುಂಬಯಿಯ ಒಂದು ಟ್ರಸ್ಟ್ ಆಸ್ಪತ್ರೆ ಅವಳಿಗೆ ಕೆಲಸದ ಮಾತು ಕೊಟ್ಟಿತ್ತು. ಅಪ್ಪನನ್ನು ಕೆಳಗಿಳಿಸುವ ದಿನವನ್ನು ಅವಳು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಳು.

ಆ ಮಧ್ಯಾಹ್ನ ನಾನು ಸರ್ ಕೋಣೆಗೆ ಹೋದಾಗ ಲಾಗ್‌ಬುಕ್ ಅವರ ಮುಂದಿತ್ತು.

‘ಶೆಟ್ಟರ, ಇದ್ರಾಗ ನಿಮ್ಮ ರಾಡ್ ಹಾಕಿದ ಕೇಸು ಭಾಳ ಅದಾವ. ಹುಡುಗಿಗೆ ನೀವು ಏನರೆ ಸಹಾಯ ಮಾಡೀರೇನು?’

ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ಮೂರ್ಖತನ ಅದೇ. ಹದಿನೆಂಟು ವರ್ಷದಲ್ಲಿ ಈ ಮನುಷ್ಯ ನನ್ನ ಜ್ಞಾನದ ಬಗ್ಗೆ ಮೊದಲ ಸಲ ಕೇಳುತ್ತಿದ್ದಾರೆ ಎಂದು ಎದೆ ಉಬ್ಬಿತು. ಏಳು ಕ್ಲಾಸು ಓದಿದವನು ಸರ್ಜನ್ನರಿಗೆ ದಾರಿ ತೋರಿಸುತ್ತೇನೆ ಎಂಬುದು ಇವರಿಗೂ ತಿಳಿಯಲಿ ಎನಿಸಿತು. ಪೆನ್ಸಿಲ್ ತೆಗೆದುಕೊಂಡು, ‘ಇದು ಉಂಟಲ್ಲ ಸರ್, ಇದರಲ್ಲಿ ಸೈಜು ನಾನೇ ಹೇಳಿದ್ದು. ಇದರಲ್ಲಿ ಸ್ಕ್ರೂವಿನ ದಿಕ್ಕು. ಇದಂತೂ ಪೂರಾ ನಂದೇ’ ಎಂದು ಟಿಕ್ ಹಾಕುತ್ತ ಹೋದೆ. ಹನ್ನೊಂದು ಟಿಕ್.

ಅವರು ಕಿವಿ ಜಗ್ಗಲಿಲ್ಲ. ಕೆಂಪು ಪೆನ್ನು ತೆಗೆದು, ಸ್ಕೇಲ್ ಇಟ್ಟು, ಹನ್ನೊಂದು ಗೆರೆ ಎಳೆದರು. ಪ್ರತಿ ಗೆರೆಯ ಮುಂದೆ ‘ಸರ್ಜನ್’ ಎಂಬಲ್ಲಿ ರೇಣುಕಾಳ ಹೆಸರು ಹೊಡೆದು ನನ್ನ ಹೆಸರು ಬರೆದರು.

‘ಎಂಥ ಸರ್ ಇದು?’

‘ಖರೇದು. ನೀವು ಮಾಡೀರಿ ಅಂದ್ರಲ್ಲ.’

‘ಅಯ್ಯೋ ಮಾರಾಯ್ರೆ, ನಾನು ಹೇಳಿದ್ದು ಅಷ್ಟೇ! ಕೈ ಅವಳದ್ದು!’

‘ಬರೇ ಕೈ ಬೇಕಾಗಿದ್ರ ಗೌಂಡಿ ಮಗಳನ್ನ ಸರ್ಜನ್ ಮಾಡೋದು ಯಾಕ? ನಾಳೆ ನೀವು ಇರದ ಓಟಿಯೊಳಗ ಅಕಿ ಯಾರ ಕಡೆ ನೋಡ್ತಾಳ?’

ನಾನು ಚೌಕಾಸಿಗೆ ಇಳಿದೆ. ಮೂರು ಟಿಕ್ ತಪ್ಪಾಗಿ ಹಾಕಿದೆ, ಎಂಟು ಹಿಡಿಯಿರಿ ಎಂದೆ. ಎರಡರಲ್ಲಿ ಬರೀ ಕಣ್ಸನ್ನೆ ಮಾಡಿದ್ದು, ಆರು ಎಂದೆ. ಅವರು ಪುಸ್ತಕ ಮುಚ್ಚಿದರು. ‘ಹನ್ನೊಂದು. ಫಾರ್ಮಿಗೆ ಇನ್ನೂ ಎರಡೂವರಿ ತಿಂಗಳ ಅದ. ಮಾಡ್ಲಿ. ನಾನೇ ನಿಂತು ನೋಡ್ತೀನಿ. ನೀವೂ ಬರ್ರಿ, ಬಾಯಿ ಮನಿಯೊಳಗ ಇಟ್ಟು ಬರ್ರಿ.’

ಮೆಟ್ಟಿಲ ಮೇಲೆ ರೇಣುಕಾ ಸಿಕ್ಕಳು. ಆಗಲೇ ಗೊತ್ತಾಗಿತ್ತು. ನಾನು ಕೈ ಮುಗಿಯಲು ಹೋದೆ. ‘ಅಂಕಲ್, ನೀವು ಸುಳ್ ಹೇಳಿಲ್ಲಲ್ಲ, ಜಾನೇ ದೋ,’ ಎಂದು ಪಕ್ಕಕ್ಕೆ ಸರಿದು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಎರಡೂವರೆ ತಿಂಗಳಲ್ಲಿ ಹನ್ನೊಂದು ಕೇಸು ದೊಡ್ಡದಲ್ಲ ಎಂದು ನೀವು ಹೇಳಬಹುದು. ಮುನಿಸಿಪಲ್ ಆಸ್ಪತ್ರೆ ನಿಮಗೆ ಗೊತ್ತಿಲ್ಲ. ಓಟಿಯ ಎಕ್ಸ್‌ರೇ ಮೆಷಿನ್ ಕೆಟ್ಟು ಐದು ವಾರ ಮಲಗಿತು. ಕೇಸ್ ಇದ್ದ ದಿನ ರಕ್ತ ಇಲ್ಲ, ರಕ್ತ ಸಿಕ್ಕ ದಿನ ಅರಿವಳಿಕೆಯ ಡಾಕ್ಟರ್ ಇಲ್ಲ. ಸರ್ಜನ್ ಆಗಲು ಬಂದ ಹುಡುಗಿ ಅರ್ಧ ದಿನ ಸ್ಟ್ರೆಚರ್ ತಳ್ಳುವುದರಲ್ಲಿ, ಇನ್ನರ್ಧ ದಿನ ಎಕ್ಸ್‌ರೇ ಫಿಲ್ಮ್ ಹುಡುಕುವುದರಲ್ಲಿ ಕಳೆಯುತ್ತಿದ್ದಳು. ನಾನು ಟೆಕ್ನಿಷಿಯನ್ನನ ಬೆನ್ನು ಬಿದ್ದೆ, ಕ್ಲಾರ್ಕಿಗೆ ಚಹಾ ಕುಡಿಸಿದೆ, ನನ್ನದಲ್ಲದ ಕಂಪನಿಯ ಸಾಮಾನಿಗೂ ಓಡಾಡಿದೆ. ಒಂದಾಯಿತು, ನಾಲ್ಕಾಯಿತು, ಎಂಟಾಯಿತು. ಸರ್ ಟೇಬಲ್ಲಿನ ಆಚೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರ ಒಂದು ಕಣ್ಣು ಅವಳ ಕೈಯ ಮೇಲೆ, ಇನ್ನೊಂದು ನನ್ನ ಮಾಸ್ಕಿನ ಮೇಲೆ. ಅವಳು ನನ್ನ ಕಡೆ ನೋಡುವುದನ್ನು ಬಿಟ್ಟಳು. ಹತ್ತನೆಯದನ್ನು ಎಷ್ಟು ಚೆನ್ನಾಗಿ ಮಾಡಿದಳೆಂದರೆ ಸಿಸ್ಟರುಗಳು ಚಪ್ಪಾಳೆ ತಟ್ಟಿದರು.

ಹನ್ನೊಂದನೆಯದು ಸಿಕ್ಕಿದ್ದು ಫಾರ್ಮಿನ ಕೊನೆಯ ದಿನ. ಮರುದಿನ ಸರ್ ನಿವೃತ್ತಿ.

ಕಾಲಿನ ಮೂಳೆಯೊಳಗಿನ ಪೊಳ್ಳನ್ನು ಕೊರೆದು ಅಗಲ ಮಾಡಿ, ಆಮೇಲೆ ರಾಡನ್ನು ಸುತ್ತಿಗೆಯಿಂದ ಮೆಲ್ಲಗೆ ಇಳಿಸಬೇಕು. ಅರ್ಧ ಇಳಿದಾಗ ಸುತ್ತಿಗೆಯ ಸದ್ದು ಬದಲಾಯಿತು. ನನಗೆ ಕೂಡಲೇ ತಿಳಿಯಿತು: ಕೊರೆದದ್ದು ಒಂದು ಸೈಜ್ ಕಡಿಮೆ, ರಾಡ್ ಸಿಕ್ಕಿಹಾಕಿಕೊಂಡಿದೆ. ಹಿಂದೆ ತೆಗೆದು ಇನ್ನೊಂದು ಸೈಜ್ ಕೊರೆದರೆ ಐದು ನಿಮಿಷದ ಕೆಲಸ. ಗಟ್ಟಿ ಹೊಡೆದರೆ ಮೂಳೆ ಸೀಳುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು. ಹೇಳಿದರೆ ಈ ಕೇಸೂ ನನ್ನ ಹೆಸರಿಗೆ. ಹೇಳದಿದ್ದರೆ? ನಾನು ನಾಲಿಗೆ ಕಚ್ಚಿಕೊಂಡೆ.

ಅವಳು ಇನ್ನೊಂದು ಸಲ ಮೆಲ್ಲಗೆ ಹೊಡೆದು, ನಿಂತು, ಸುತ್ತಿಗೆ ಕೆಳಗಿಟ್ಟಳು. ‘ಸರ್, ಮುಂದ ಹೋಗಾಕತ್ತಿಲ್ಲ. ನಂಗ ತಿಳೀತಿಲ್ಲ. ನೀವು ಬರ್ರಿ.’

ಅವರು ಕೈಗವಸು ಹಾಕಿ ಬಂದರು. ಹಿಂದೆ ತೆಗೆದರು, ಕೊರೆದರು, ಇಳಿಸಿದರು. ಪೇಷಂಟ್ ಕ್ಷೇಮ. ಹೊರಗೆ ಬಂದು ಲಾಗ್‌ಬುಕ್ ತೆರೆಯುವ ಹೊತ್ತಿಗೆ ಅವಳು ತನ್ನ ಹೆಸರನ್ನು ತಾನೇ ‘ಅಸಿಸ್ಟೆಂಟ್’ ಎಂಬ ಸಾಲಿನಲ್ಲಿ ಬರೆದಾಗಿತ್ತು.

ಕಾರಿಡಾರಿನಲ್ಲಿ ನಾನು ಅವರನ್ನು ತಡೆದು ನಿಲ್ಲಿಸಿದೆ. ಮರ್ಯಾದೆ ಎಲ್ಲ ಆಚೆ ಇಟ್ಟೆ.

‘ಒಂದು ಸರ್! ಒಂದೇ ಒಂದು! ಅರ್ಧ ಅವಳೇ ಮಾಡಿದ್ದಲ್ವಾ? ತಪ್ಪು ಮಾಡದೆ ನಿಲ್ಲಿಸಿದ್ದು ದೊಡ್ಡದಲ್ವಾ?’

‘ಭಾಳ ದೊಡ್ಡದು.’

‘ಮತ್ತೆ ಸಹಿ ಹಾಕಿ!’

‘ಶೆಟ್ಟರ, ಆಸ್ಪತ್ರೆ ಹನ್ನೊಂದು ರಾಡ್ ಕೇಳಿದ್ರ ಹತ್ತು ಕೊಟ್ಟು ಹನ್ನೊಂದು ಅಂತ ಚಲನ್ ಬರೀತೀರೇನು?’

‘ಹತ್ತು ಕೊಟ್ಟು, ಉಳಿದದ್ದು ನಾಳೆ ಕಳಿಸ್ತೇನೆ ಅಂತ ಹೇಳ್ತೇನೆ. ವ್ಯಾಪಾರ ಅಂದ್ರೆ ಹಾಗೆ!’

‘ಹಂಗಾರ ಅಕಿನೂ ನಾಳೆ ಮಾಡ್ಲಿ. ಆರು ತಿಂಗಳಿಗೆ ಇನ್ನೊಂದು ಪರೀಕ್ಷಾ ಅದ.’ ಕಿವಿ ಜಗ್ಗಿದರು.

‘ನಿಮಗೆ ಮಕ್ಕಳಿಲ್ಲ, ಅದಕ್ಕೇ,’ ಎಂದುಬಿಟ್ಟೆ. ಆಡಬಾರದ ಮಾತು. ಅವರು ನನ್ನ ಭುಜದ ಮೇಲೊಮ್ಮೆ ಕೈ ಇಟ್ಟು ಹೋದರು. ಮರುದಿನದ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ.

ಆದರೆ ಈ ದೇಶದಲ್ಲಿ ಕೊನೆಯ ದಿನಾಂಕ ಎಂಬುದು ಯಾವತ್ತೂ ಕೊನೆಯದಲ್ಲ. ಎರಡು ದಿನ ಬಿಟ್ಟು ನೋಟಿಸ್ ಬಂತು: ದಂಡಶುಲ್ಕ ಕಟ್ಟಿ ಇನ್ನು ಒಂಬತ್ತು ದಿನ ಫಾರ್ಮ್ ಕೊಡಬಹುದು. ಸರ್ ಜಾಗಕ್ಕೆ ಬಂದ ಹೊಸ ಹೆಡ್ ಧಾರಾಳ ಮನುಷ್ಯ. ನಾನೇ ರೇಣುಕಾಳನ್ನು ಅವರ ಕೋಣೆಗೆ ಎಳೆದೊಯ್ದೆ. ಅವರು ಫೋನಿನಿಂದ ಕಣ್ಣೆತ್ತದೆ ಕೈ ಚಾಚಿದರು.

‘ಲಾವೋ ಬೇಟಾ, ಎಷ್ಟು ಕಡಿಮೆ ಇದೆ? ಒಂದಾ? ಐದು ಹಾಕಿಕೋ, ಚೆನ್ನಾಗಿ ಕಾಣುತ್ತದೆ,’ ಎಂದರು ಹಿಂದಿಯಲ್ಲಿ.

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ‘ಸರ್, ಅಭೀ ಏಕ್ ಬಾಕಿ ಹೈ. ಕರ್‌ಕೇ ಲಾತೀ ಹೂಂ.’

ಮಾಡಿ ತರುತ್ತಾಳಂತೆ! ಅದರ ಮರುದಿನವೇ ರೆಸಿಡೆಂಟ್ ಡಾಕ್ಟರುಗಳ ಮುಷ್ಕರ ಶುರುವಾಯಿತು. ಯೋಜಿಸಿದ ಆಪರೇಷನ್ನುಗಳೆಲ್ಲ ಬಂದ್, ತುರ್ತಿನವನ್ನು ಹಿರಿಯರೇ ಮಾಡುತ್ತಿದ್ದರು. ಒಂದು ದಿನ ಹೋಯಿತು, ಐದು ಹೋಯಿತು. ಫೋನ್ ಮಾಡಿದರೆ, ‘ನೋಡೂನು ಅಂಕಲ್’ ಎನ್ನುತ್ತಿದ್ದಳು. ಗಡುವಿನ ಎಂಟನೆಯ ದಿನ ನನ್ನ ತಾಳ್ಮೆ ಕಳಚಿತು. ಮಾತು ಬಿಟ್ಟಿದ್ದ ಮನುಷ್ಯನಿಗೇ ಫೋನ್ ಮಾಡಿ, ನಿಮ್ಮ ಶಿಷ್ಯೆಗೆ ಹುಚ್ಚು ಹಿಡಿದಿದೆ ಸರ್, ಸಹಿ ಕೈಗೆ ಬಂದರೂ ಬೇಡ ಎನ್ನುತ್ತಾಳೆ, ನಾಳೆ ಐದು ಗಂಟೆಗೆ ಗಡುವು ಎಂದೆ. ಈಗಲಾದರೂ ಖುಷಿಪಡಿ ಎಂದು ಚುಚ್ಚಿದೆ.

ಆಚೆ ಕುರ್ಚಿ ಸರಿದ ಸದ್ದು ಕೇಳಿಸಿತು.

‘ಬ್ಯಾಡ ಅಂದ್ಳಾ? ಯಾಕ? ನಾ ಹಾಕಂಗಿಲ್ಲ ಅಂದಿದ್ದೆ, ಅಕಿಗೆ ತಗೋಬ್ಯಾಡ ಅಂದಿಲ್ಲಲ್ಲ! ಮನಿ ಎಲ್ಲಿ ಅಕಿದು? ಬರ್ತೀನಿ ತಡೀರಿ.’

ವಡಾಲ ಸ್ಟೇಷನ್ನಿನಲ್ಲಿ ಅವರು ಇಳಿದಾಗ ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು. ಚಾಳಿನ ಕೋಣೆಯಲ್ಲಿ ರೇಣುಕಾಳ ಅಪ್ಪ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಗಡಬಡಿಸಿ ಎದ್ದು, ‘ಬರ್ರಿ ಸಾಹೇಬ್ರ, ಬರ್ರಿ’ ಎಂದು ಕಾಟಿನ ಮೇಲೆ ಕೂರಿಸಿದರು. ಹೆಂಡತಿ ಚಹಾ ಕೊಟ್ಟರು. ಸರ್ ಚಹಾ ಮುಟ್ಟದೆ ನೇರ ಶುರು ಮಾಡಿದರು.

‘ಹುಡುಗಿ, ನಾಳೆ ಹೋಗಿ ಸಹಿ ತಗೋ.’

‘ಸರ್, ಹನ್ನೊಂದು ಆಗಿಲ್ರಿ.’

‘ಹತ್ತೂವರಿ ಅಂತ ತಿಳ್ಕೊ. ಆವತ್ತು ಅರ್ಧಾ ನೀನೇ ಮಾಡಿದ್ದಿ.’

ಚೌಕಾಸಿಯಲ್ಲಿ ಅವರಷ್ಟು ದಡ್ಡರನ್ನು ನಾನು ಕಂಡಿಲ್ಲ. ಮೊದಲ ಮಾತಿನಲ್ಲೇ ಕೊನೆಯ ದರ ಹೇಳಿಬಿಟ್ಟರು. ನಾನಾಗಿದ್ದರೆ ಮೊದಲು ಅಪ್ಪನ ಮೊಣಕಾಲಿನ ಮಾತು ಎತ್ತುತ್ತಿದ್ದೆ.

ರೇಣುಕಾ ನೆಲ ನೋಡುತ್ತ ಹೇಳಿದಳು: ‘ಸರ್, ಅರ್ಧಾ ರಾಡ್ ಹಾಕಿದ ಕಾಲಿನ ಮ್ಯಾಲ ಮಂದಿ ನಡೀತಾರೇನ್ರಿ?’

ಸರ್ ಅಪ್ಪನ ಕಡೆ ತಿರುಗಿದರು. ‘ನೀವರೆ ಹೇಳ್ರಿ ಇಕಿಗೆ.’

‘ನಾ ಏನ್ ಹೇಳ್ಲಿರಿ ಸಾಹೇಬ್ರ,’ ಎಂದರು ಗೌಂಡಿ ನಗುತ್ತ. ‘ಸಣ್ಣಕಿ ಇದ್ದಾಗಿಂದ ಹಿಂಗೇ. ಇನ್ನಾರು ತಿಂಗಳ ನಾ ಏರ್ತೀನಂತ ಹೇಳೀನ್ರಿ ಅಕಿಗೆ.’

‘ರೇಣುಕಾ, ನಾ ಹೇಳಾಕತ್ತೀನಿ. ನಿನ್ನ ಗುರು ಹೇಳಾಕತ್ತೀನಿ!’ ದನಿ ಏರಿತು. ಆ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಬೇಡುವ ದನಿ ಅದು. ‘ನಿನ್ನ ಕೈ ಛಲೋ ಅದ. ನನಗ ಗೊತ್ತದ. ಇದರ ಮ್ಯಾಲ ಏನು ಬೇಕು?’

‘ಹಂಗಾರ ನೀವ್ಯಾಕ ಹಾಕಲಿಲ್ರಿ?’

ಅವರು ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಎದ್ದರು. ಗಡುವು ಮರುದಿನ ಮುಗಿಯಿತು. ನವಿ ಮುಂಬಯಿಯ ಕೆಲಸ ಬೇರೆಯವರ ಪಾಲಾಯಿತು. ಗೌಂಡಿ ಮತ್ತೆ ಆರು ತಿಂಗಳು ಆ ಮೊಣಕಾಲಲ್ಲಿ ಪರಾಂಚಿ ಹತ್ತಿದರು. ಹುಡುಗಿ ಮುಷ್ಕರ ಮುಗಿದ ವಾರವೇ ಹನ್ನೊಂದನೆಯದನ್ನು ಮಾಡಿದಳು. ಪರೀಕ್ಷೆ ಪಾಸಾಗಿ ಈಗ ಬೇರೊಂದು ಆಸ್ಪತ್ರೆಯಲ್ಲಿದ್ದಾಳೆ, ಹೆಸರು ಮಾಡಿದ್ದಾಳೆ. ‘ನೋಡಿದಿರಾ, ಎಲ್ಲ ಒಳ್ಳೆಯದಕ್ಕೇ’ ಎನ್ನುವವರಿದ್ದಾರೆ. ಅವರಿಗೆ ನನ್ನದೊಂದು ಮಾತು: ಆ ಮನೆಯ ಆರು ತಿಂಗಳು ನಿಮ್ಮ ಕಿಸೆಯಿಂದ ಹೋಗಿದ್ದಲ್ಲ. ಒಂದು ಸಹಿಗೆ ಬೆಲೆ ಇರಬೇಕು, ಒಪ್ಪುತ್ತೇನೆ. ಆ ಬೆಲೆಯನ್ನು ಯಾವಾಗಲೂ ಗೌಂಡಿಯ ಮೊಣಕಾಲೇ ಯಾಕೆ ಕೊಡಬೇಕು?

ಆ ಸಂಜೆ ನಾವಿಬ್ಬರೂ ಚಾಳಿನಿಂದ ಸ್ಟೇಷನ್ನಿಗೆ ನಡೆದು ಬಂದೆವು. ನನಗೆ ಒಳಗೊಳಗೇ ಕ್ರೂರ ಸಂತೋಷ ಆಗುತ್ತಿತ್ತು. ನನಗೆ ಯಾವತ್ತೂ ಇಳಿಸದ ದರವನ್ನು ಅವಳಿಗಾಗಿ ಇಳಿಸಿದ್ದರು, ಅವಳು ಕೊಳ್ಳಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಎರಡು ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತದೆ ಬಿಟ್ಟರು. ಮೂರನೆಯದು ಬರುತ್ತಿರುವಾಗ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು, ಸೋಲು, ದಣಿವು ಎಲ್ಲ ಇತ್ತು.

‘ಶೆಟ್ಟರ, ಆ ಹುಡುಗಿಗೆ ಇಷ್ಟು ಹಟಾ ಯಾರ್ ಕಲಿಸಿದ್ರಪಾ?’

ತಮಾಷೆ ಎಂದು ನಾನು ನಗಲು ಹೋದೆ. ಅವರು ನಗುತ್ತಿರಲಿಲ್ಲ. ಗಾಡಿ ಬಂದು ನಿಂತರೂ ಏಳದೆ, ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದರು.